ಈರುಳ್ಳಿ ಹೊಲಕ್ಕೆ ಚೆಲುವೆ ಬೇಕಾಗಿದ್ದಾರೆ

ಆಂಧ್ರದ ನೆಲ್ಲೂರು ಜಿಲ್ಲೆಯ ರೈತರೊಬ್ಬರು 2018ರಲ್ಲಿ ತಮ್ಮ ತರಕಾರಿ ಹೊಲದ ಅಂಚಿನಲ್ಲಿ ಬಿಕಿನಿ ತೊಟ್ಟ ಸನ್ನಿ ಲಿಯೋನ್ ಫ್ಲೆಕ್ಸ್ ನಿಲ್ಲಿಸಿದರು. ಜೊತೆಗೆ ತೆಲುಗಿನಲ್ಲಿ ಒಂದು ಮಾತು: ನನ್ನ ನೋಡಿ ಹೊಟ್ಟೆ ಉರ್ಕೋಬೇಡವೋ ಎಂಬರ್ಥದ್ದು. ಆ ಸಲ ಕೋಸು, ಮೆಣಸಿನಕಾಯಿ ಚೆನ್ನಾಗಿ ಬಂದಿದ್ದವು, ದಾರಿಹೋಕರ ಕಣ್ಣೆಲ್ಲ ಅವುಗಳ ಮೇಲೇ ಬೀಳುತ್ತಿತ್ತು. ಫ್ಲೆಕ್ಸ್ ನಿಂತ ಮೇಲೆ ಬೆಳೆಯ ಕಡೆ ಯಾರೂ ತಿರುಗಿ ನೋಡುತ್ತಿಲ್ಲ ಎಂದು ಅವರು ಸುದ್ದಿಗಾರರಿಗೆ ಹೇಳಿದರು. ಆಮೇಲೆ ಈ ಉಪಾಯ ಗಡಿ ದಾಟಿ ನಮ್ಮ ರಾಜ್ಯದ ಹೊಲಗಳಿಗೂ ಬಂತು.

ಹಳೆಯ ಬೆದರುಬೊಂಬೆಯ ಸಿದ್ಧಾಂತ ಬೇರೆ. ಹುಲ್ಲು ತುಂಬಿದ ಹಳೇ ಅಂಗಿ, ಸುಣ್ಣದ ಬೊಟ್ಟಿಟ್ಟ ಮಡಕೆ ತಲೆ, ಇದ್ದಿಲಲ್ಲಿ ಬರೆದ ಗಿರಿಜಾ ಮೀಸೆ. ಕೆಟ್ಟ ಕಣ್ಣಿಗೆ ಕುರೂಪ ತೋರಿಸಿ ಹೆದರಿಸಬೇಕು ಎಂದು ನಮ್ಮ ಹಿರಿಯರು ನಂಬಿದ್ದರು, ಆ ಕೆಲಸಕ್ಕೆ ಗಂಡಸನ್ನೇ ಆರಿಸಿದ್ದರು. ಸೂಕ್ತ ಆಯ್ಕೆ. ಈಚೆಗೆ ಬೆಂಗಳೂರಿನ ಕಟ್ಟಡಗಳ ಮುಂದೆ ಕಣ್ಣರಳಿಸಿ ದಿಟ್ಟಿಸುವ ಹೆಂಗಸಿನ ಫೋಟೋ ಬಂದಿದೆಯಾದರೂ ಅಲ್ಲಿಯೂ ಹೆದರಿಸುವ ಲೆಕ್ಕವೇ. ನೆಲ್ಲೂರಿನ ರೈತರು ಹೆದರಿಸುವ ಗೋಜಿಗೇ ಹೋಗಲಿಲ್ಲ. ಗಂಡಸಿನ ಕಣ್ಣು ಬೇಕಾದ್ದು ಸಿಕ್ಕ ಕಡೆ ಕೂರುತ್ತದೆ, ಅಲ್ಲಿಂದ ಏಳುವುದಿಲ್ಲ. ಅದಕ್ಕೊಂದು ಸೀಟು ಹಾಕಿಕೊಟ್ಟರೆ ಕೋಸು ಬಚಾವು. ಸೆಕ್ಸ್ ಅಪೀಲ್ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ನಡೆದುಕೊಂಡವರು ನಮ್ಮ ದಕ್ಷಿಣ ದೇಶದಲ್ಲಿ ಬೇರೆ ಯಾರೂ ನನಗೆ ಕಂಡಿಲ್ಲ. ಮಿಕ್ಕವರೆಲ್ಲ ನೋಡುವುದನ್ನು ನೋಡಿಯೇ ನೋಡುತ್ತಾರೆ, ಆದರೆ ಕೈಯಲ್ಲಿ ಒಂದು ಸಬೂಬು ಹಿಡಿದಿರುತ್ತಾರೆ.

ಈ ವಿದ್ಯೆಯ ಅಗತ್ಯ ಲಿಂಗದಹಳ್ಳಿಗೆ ಬಹಳ ಇದೆ. ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗುವ ದಾರಿ ಇದು. ಶನಿವಾರ ಬಂತೆಂದರೆ ಬೆಂಗಳೂರಿನ ಕಾರುಗಳು ಕಲ್ಲತ್ತಿಗಿರಿಯ ಜಲಪಾತಕ್ಕೆ ತಲೆಯೊಡ್ಡಲು ಇಲ್ಲಿಂದಲೇ ಹಾಯುತ್ತವೆ. ಗಾಜು ಇಳಿಸಿ, 'ವಾವ್, ಎಂಥ ತೋಟ!' ಅನ್ನುತ್ತಾರೆ. ಆ ವಾವ್ ಒಂದು ತಾಕಿದರೆ ಮುಗಿಯಿತು: ಅಡಿಕೆಯ ಹಿಂಗಾರ ಒಣಗುತ್ತದೆ, ಕೊಳೆರೋಗ ಬರುತ್ತದೆ, ಎಲ್ಲ ಉಳಿದರೂ ಮಂಡಿಯಲ್ಲಿ ರೇಟು ಬೀಳುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಿರಿ ಎಂದು ತೋಟಗಾರಿಕೆಯವರು ಹೇಳುತ್ತಾರೆ. ವಾವ್‌ಗೆ ಯಾವ ದ್ರಾವಣವನ್ನೂ ಹೇಳಿಲ್ಲ.

ಆದ್ದರಿಂದ ತೋಟದ ಪಕ್ಕದ ಈರುಳ್ಳಿ ಹೊಲದಲ್ಲಿ ಯಾರ ಪಟ ನಿಲ್ಲಿಸಬೇಕೆಂದು ತೀರ್ಮಾನಿಸಲು ಒಂದು ಆಯ್ಕೆ ಸಮಿತಿ ಮಾಡೋಣ. ಇದು ಕಾಗದದ ಮೇಲಿನ ಸಮಿತಿ, ಸರ್ಕಾರದ ಸಮಿತಿಗಳ ಹಾಗೆಯೇ. ಲಿಂಗದಹಳ್ಳಿ ಬಸ್‌ಸ್ಟ್ಯಾಂಡಿನ ಬಳಿ ಒಂದು ಹೋಟೆಲು ಎಂದುಕೊಳ್ಳಿ. ಸದಸ್ಯರು ಐವರು: ನಿವೃತ್ತ ಮೇಷ್ಟ್ರು, ಪಂಚಾಯ್ತಿಯ ಮಾಜಿ ಮೆಂಬರು, ಸಂಸ್ಕೃತಿ ರಕ್ಷಣೆಯ ಹೊಣೆ ಹೊತ್ತ ಒಬ್ಬ ಯುವಕ, ಫ್ಲೆಕ್ಸ್ ಅಂಗಡಿಯ ಹುಡುಗ ಮತ್ತು ತರೀಕೆರೆಯ ಟಾಕೀಸಿನಲ್ಲಿ ಯೌವನ ಕಳೆದ ಗೌಡರು. ಎಲ್ಲರೂ ಗಂಡಸರೇ. ವಿಷಯದಲ್ಲಿ ತಜ್ಞರು ಬೇಕಲ್ಲ.

ಸನ್ನಿ ಹೆಸರು ಬರುತ್ತಲೇ ಸಂಸ್ಕೃತಿಯ ಯುವಕ ಎದ್ದು ನಿಂತ. 'ಆಯಮ್ಮ ಬ್ಯಾಡ್ವೇ ಬ್ಯಾಡ. 2017ರಲ್ಲಿ ಹೊಸ ವರ್ಷಕ್ಕೆ ಬೆಂಗಳೂರಿಗೆ ಬರ್ತೀನಿ ಅಂದಾಗ ಸಾಮೂಹಿಕ ಆತ್ಮಹತ್ಯೆ ಮಾಡ್ಕೋತೀವಿ ಅಂದಿದ್ರು ನಮ್ಮೋರು.' ಮಾತು ನಿಜ. ಕನ್ನಡಪರ ಸಂಘಟನೆಯೊಂದು ಹಾಗೆ ಬೆದರಿಸಿತ್ತು, ಸರ್ಕಾರ ಕಾರ್ಯಕ್ರಮಕ್ಕೆ ಅನುಮತಿ ಕೊಡಲಿಲ್ಲ. ಆದರೆ ಅದಕ್ಕೂ ಎರಡು ವರ್ಷ ಮೊದಲೇ ಆಕೆ 'ಡಿಕೆ' ಚಿತ್ರದಲ್ಲಿ ಸೇಸಮ್ಮನಾಗಿ ಕನ್ನಡದಲ್ಲೇ ಕುಣಿದು ಹೋಗಿದ್ದರು. ಆಗ ಸಂಸ್ಕೃತಿ ಮಲಗಿತ್ತು, ಇಲ್ಲವೇ ಟಿಕೆಟ್ ತಗೊಂಡು ಒಳಗೆ ಕೂತಿತ್ತು. ಅನುಮತಿ ಸಿಗದ ಮರುವರ್ಷದ ನವೆಂಬರಿನಲ್ಲಿ ಬೆಂಗಳೂರಿಗೆ ಬಂದರು, ಕುಣಿದರು, ಹೋದರು. ಯಾರೂ ಸಾಯಲಿಲ್ಲ. ರಾಜ್ಯೋತ್ಸವದ ತಿಂಗಳೆಂದು ವಿನಾಯಿತಿ ಇದ್ದಿರಬೇಕು.

ಮಂಡ್ಯದವರು ಇನ್ನೂ ಜಾಣರು. 2022ರ ಮೇ ತಿಂಗಳಲ್ಲಿ ಕೊಮ್ಮೇರಹಳ್ಳಿಯ ಹುಡುಗರು ಸನ್ನಿ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಿ ರಕ್ತದಾನ ಶಿಬಿರ ಮಾಡಿದರು. ಆಕೆ ಮಗುವೊಂದನ್ನು ದತ್ತು ತೆಗೆದುಕೊಂಡದ್ದನ್ನು ಹಿಡಿದುಕೊಂಡು ಅನಾಥರ ತಾಯಿ ಎಂದು ಜೈಕಾರ ಹಾಕಿದರು. ಅದೇ ಊರಿನ ಸೀಮೆಯಲ್ಲಿ ಕೋಳಿ ಅಂಗಡಿಯೊಂದು ಆಕೆಯ ಅಭಿಮಾನಿಗಳಿಗೆ ಶೇ 10 ರಿಯಾಯಿತಿ ಕೊಟ್ಟಿತು. ಗಮನಿಸಿ: ಯಾರೊಬ್ಬರೂ 'ನಮಗೆ ಆಕೆಯನ್ನು ನೋಡಲು ಇಷ್ಟ' ಎಂದು ಹೇಳಲಿಲ್ಲ. ಒಬ್ಬರು ರಕ್ತ ಕೊಟ್ಟರು, ಒಬ್ಬರು ಕೋಳಿ ಕೊಟ್ಟರು. ಇಷ್ಟ ಎಂಬ ಒಂದು ಮಾತು ಬಾಯಿಂದ ಬಾರದೆ ಇರಲಿ ಎಂದು ಕನ್ನಡಿಗ ಮೈಯ ರಕ್ತವನ್ನೇ ಕೊಡಬಲ್ಲ.

ಮಾಜಿ ಮೆಂಬರಿಗೆ ಕಾನೂನು ಗೊತ್ತು. 'ನೋಡ್ರಪ್ಪಾ, ಬಿಕಿನಿಗೆ ಕೇಸಿಲ್ಲ, ಫ್ಲೆಕ್ಸಿಗೆ ಕೇಸಿದೆ' ಅಂದರು. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಪಟ್ಟಿಯಲ್ಲಿ ಫ್ಲೆಕ್ಸೂ ಇತ್ತು. ಅಂದರೆ ಆಕೆಯ ಮೈಮೇಲೆ ಬಟ್ಟೆ ಇಲ್ಲದ್ದು ಅಪರಾಧವಲ್ಲ, ಆಕೆ ಬಟ್ಟೆಯ ಮೇಲೆ ಇಲ್ಲದ್ದು ಅಪರಾಧ. ಫ್ಲೆಕ್ಸ್ ಅಂಗಡಿಯ ಹುಡುಗ ನಕ್ಕ. ನಿಷೇಧ ಬಂದ ಮೇಲೂ ಅವನ ಅಂಗಡಿ ನಡೆಯುತ್ತಿರುವುದು ಸಿನಿಮಾ ತಾರೆಯರಿಂದಲ್ಲ. ಕಪ್ಪು ಕನ್ನಡಕ ಹಾಕಿ, ಬಿಳಿ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕೈ ಮುಗಿದು ನಗುವ ಯುವ ನಾಯಕರಿಂದ. ತಮ್ಮಲ್ಲಿ ಆ ಆಕರ್ಷಣೆ ಧಾರಾಳವಾಗಿದೆ ಎಂದು ನಂಬಿದ ಏಕೈಕ ವರ್ಗ ಅದು. ಅವರನ್ನೇ ಹೊಲದಲ್ಲಿ ನಿಲ್ಲಿಸಿದರೆ ಆಗದೇ ಎಂದು ಮೇಷ್ಟ್ರು ಕೇಳಿದರು. ಹಂದಿ ಕಾಟಕ್ಕೆ ಆದೀತು, ದೃಷ್ಟಿಗೆ ಆಗದು ಎಂದು ಸಮಿತಿ ಅಭಿಪ್ರಾಯಪಟ್ಟಿತು.

ನಾಯಕರ ಮಾತು ಬಂತು, ಸಬೂಬಿನ ಕಲೆಯಲ್ಲಿ ಅವರನ್ನು ಮೀರಿಸುವವರಿಲ್ಲ. 2012ರ ಫೆಬ್ರುವರಿಯಲ್ಲಿ ವಿಧಾನಸಭೆಯೊಳಗೇ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಆರೋಪಕ್ಕೆ ಸಿಕ್ಕಿ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟರು. ಟಿವಿ ಕ್ಯಾಮೆರಾ ಮೇಲಿನಿಂದ ನೋಡುತ್ತಿತ್ತು. ಬಂದ ವಿವರಣೆ ಏನು? ರೇವ್ ಪಾರ್ಟಿಗಳಿಂದ ಸಮಾಜಕ್ಕೆ ಆಗುವ ಕೇಡನ್ನು ತಿಳಿದುಕೊಳ್ಳುತ್ತಿದ್ದರಂತೆ. ಅಧ್ಯಯನ. ಮೂವರಲ್ಲಿ ಒಬ್ಬರ ಖಾತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ. ಇನ್ನೊಬ್ಬರು 2019ರಲ್ಲಿ ಉಪಮುಖ್ಯಮಂತ್ರಿಯೇ ಆದರು. ಅಧ್ಯಯನಶೀಲರಿಗೆ ನಮ್ಮ ರಾಜ್ಯದಲ್ಲಿ ಯಾವತ್ತೂ ಭವಿಷ್ಯ ಇದೆ.

ಇದನ್ನು ಕೇಳಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಅವರದು ಕಲೆಯ ಪಕ್ಷ. ಸಿನಿಮಾದವರೆಲ್ಲ ಯಾಕೆ, ಬೇಲೂರಿನ ದರ್ಪಣ ಸುಂದರಿಯ ಫೋಟೋ ಹಾಕಿ, ಸಂಸ್ಕಾರವೂ ಆಯ್ತು ಕಾವಲೂ ಆಯ್ತು ಎಂದರು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ. ನಲವತ್ತೆರಡು ಮದನಿಕೆಯರು. ಒಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ. ಶಾಲಾ ಪ್ರವಾಸದಲ್ಲಿ ಮೇಷ್ಟ್ರುಗಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅದನ್ನು ತೋರಿಸುತ್ತಾರೆ, ಗೈಡ್ ಕೋಲಿನಿಂದ ಮುಟ್ಟಿ ಮುಟ್ಟಿ ವಿವರಿಸುತ್ತಾನೆ, ಶಾಂತಲೆಯೇ ಇದಕ್ಕೆಲ್ಲ ಮಾದರಿ ಎಂದು ಸೇರಿಸುತ್ತಾನೆ. ರಾಣಿ ಇಷ್ಟೊಂದು ಭಂಗಿಯಲ್ಲಿ ನಿಂತಳು ಎಂದರೆ ಯಾರಿಗೂ ಮುಜುಗರವಿಲ್ಲ, ಏಕೆಂದರೆ ಕಲ್ಲು. 2023ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿ ಆಯಿತು. ಅದೇ ಮಾಟದ ಒಬ್ಬಳು ಜೀವಂತ ಹುಡುಗಿ ಅದೇ ಬಟ್ಟೆಯಲ್ಲಿ ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಯುನೆಸ್ಕೊ ಬರುವುದಿಲ್ಲ, ಪೊಲೀಸರು ಬರುತ್ತಾರೆ.

ಈ ಕಲ್ಲು ಮತ್ತು ಜೀವದ ವ್ಯತ್ಯಾಸವನ್ನು ನಮ್ಮ ಸೀಮೆಯವರೇ ಒಬ್ಬರು ಬರೆದಿಟ್ಟಿದ್ದಾರೆ. ಅಜ್ಜಂಪುರದ ಸೀತಾರಾಮರು, 'ಆನಂದ' ಹೆಸರಿನವರು. ಅವರ 'ನಾನು ಕೊಂದ ಹುಡುಗಿ' ಕಥೆಯಲ್ಲಿ ಹಳೆಯ ಶಿಲ್ಪ ನೋಡಲು ಹಳ್ಳಿಗೆ ಬಂದ ವಿದ್ಯಾವಂತನೊಬ್ಬ ಒಂದು ಮನೆಯಲ್ಲಿ ಇಳಿದುಕೊಳ್ಳುತ್ತಾನೆ. ಆ ಮನೆಯವರೇ ದೇವರ ಹೆಸರಿನಲ್ಲಿ ಬಸವಿ ಬಿಟ್ಟ ಮಗಳು, ತನಗೆ ಧರ್ಮವೆಂದು ಹೇಳಿಕೊಟ್ಟದ್ದನ್ನು ನಂಬಿ, ಅತಿಥಿಯ ಕೋಣೆಗೆ ಬರುತ್ತಾಳೆ. ಅವನು ಅವಳಿಗೆ ಬುದ್ಧಿ ಹೇಳುತ್ತಾನೆ. ಒಳ್ಳೆಯ ಮಾತುಗಳೇ, ಒಂದೂ ತಪ್ಪಿಲ್ಲ. ಆ ಮಾತು ನಾಟಿ ಹುಡುಗಿ ಜೀವ ಕಳೆದುಕೊಳ್ಳುತ್ತಾಳೆ. ಕಲ್ಲಿನ ಹೆಂಗಸರ ಮುಂದೆ ಕೈಕಟ್ಟಿ ನಿಲ್ಲುವವನು ಜೀವಂತ ಹೆಣ್ಣಿಗೆ ಉಪದೇಶ ಕೊಟ್ಟೇ ತೀರುತ್ತಾನೆ. ಬಸವಿ ಬಿಟ್ಟ ಅಪ್ಪನಿಗೆ, ಬಿಡಿಸಿದ ಊರಿಗೆ ಇದೇ ಉಪದೇಶ ಯಾರೂ ಮಾಡಲಿಲ್ಲ ಎಂಬುದನ್ನು ನಾವು ಕಥೆ ಓದಿ ಕಣ್ಣೊರೆಸಿಕೊಳ್ಳುವ ಭರದಲ್ಲಿ ಮರೆಯುತ್ತೇವೆ. ಸಮಿತಿಯಲ್ಲಿ ಈ ಪ್ರಸ್ತಾಪ ಬಂದಾಗ ಸಂಸ್ಕೃತಿಯ ಯುವಕ ಮೊಬೈಲ್ ನೋಡುತ್ತಿದ್ದ. ಅಧ್ಯಯನವೋ ಏನೋ.

ಮೇಷ್ಟ್ರು ಬಿಡಲಿಲ್ಲ, ಪುರಾಣಕ್ಕೆ ಹೊರಟರು. ನಮ್ಮ ಜಿಲ್ಲೆಯ ಕಿಗ್ಗಕ್ಕೆ, ಶೃಂಗೇರಿ ಹತ್ತಿರದ ಋಷ್ಯಶೃಂಗೇಶ್ವರನಿಗೆ, ಮಳೆ ಬೇಕಾದಾಗ ಎಲ್ಲರೂ ಹೋಗುತ್ತಾರೆ, ಮಂತ್ರಿಗಳೂ ಹೋಗುತ್ತಾರೆ. ಕಡೂರಿನ ಕಡೆಯವರಿಗಂತೂ ಆ ದಾರಿ ಕಣ್ಣು ಕಟ್ಟಿದರೂ ಗೊತ್ತು. ಆದರೆ ಮೊದಲ ಸಲ ಮಳೆ ಬಂದದ್ದು ಹೇಗೆ? ಅಂಗದೇಶಕ್ಕೆ ಬರ. ಹೆಣ್ಣನ್ನೇ ಕಂಡಿರದ ಋಷಿಕುಮಾರ ಬಂದು ಕಾಲಿಟ್ಟರೆ ಮಳೆಯಾಗುತ್ತದೆ ಎಂದರು. ರೋಮಪಾದ ರಾಜ ಮಂತ್ರಿಗಳನ್ನು ಕಳಿಸಲಿಲ್ಲ, ವೇಶ್ಯೆಯರನ್ನು ಕಳಿಸಿದ. ಅವರು ಲಾಡುಗಳನ್ನು ತಮ್ಮ ಆಶ್ರಮದ ಹಣ್ಣು ಎಂದು ತಿನ್ನಿಸಿ, ಅಪ್ಪಿ, ನಗಿಸಿ ಕರೆತಂದರು. ಮಳೆ ಸುರಿಯಿತು. ಋಷ್ಯಶೃಂಗ ಮುಂದೆ ದಶರಥನಿಗೆ ಪುತ್ರಕಾಮೇಷ್ಟಿ ಮಾಡಿಸಿದ, ರಾಮ ಹುಟ್ಟಿದ. ಬರ ಪರಿಹಾರ ಇಲಾಖೆಯ ಚರಿತ್ರೆಯಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಫಲ ಬಂದದ್ದಿಲ್ಲ. ಋಷಿಗೆ ಕಿಗ್ಗದಲ್ಲಿ ಗುಡಿ ಇದೆ, ರಾಮನಿಗೆ ಊರೂರಲ್ಲಿ ಇದೆ. ದೋಣಿಯಲ್ಲಿ ಹೋಗಿ ಕರೆತಂದ ಹೆಂಗಸರಿಗೆ ಗುಡಿ ಹೋಗಲಿ, ಹೆಸರೂ ಇಲ್ಲ. ಈಗ ಮಳೆ ಬಾರದಿದ್ದರೆ ಮುಜರಾಯಿ ಇಲಾಖೆ 2019ರಲ್ಲಿ ಮಾಡಿದ ಹಾಗೆ ದೇವಸ್ಥಾನಗಳಿಗೆ ಪರ್ಜನ್ಯ ಜಪದ ಆದೇಶ ಕಳಿಸುತ್ತದೆ. ಮೂಲ ವಿಧಾನ ಬಿಟ್ಟು ಹೋಯಿತು, ಅದಕ್ಕೇ ಫಲಿತಾಂಶವೂ ಅಷ್ಟಕ್ಕಷ್ಟೆ.

ಗೌಡರಿಗೆ ಪುರಾಣ ಸಾಕಾಯಿತು. 'ಅದೆಲ್ಲ ಬಿಡಿ ಮೇಷ್ಟ್ರೇ. ಜಯಂತಿ! 'ಮಿಸ್ ಲೀಲಾವತಿ'!' ಎಂದು ಟೇಬಲ್ ಗುದ್ದಿದರು. 1965. ಕನ್ನಡದ ನಾಯಕಿ ಈಜುಡುಗೆಯಲ್ಲಿ ಕಂಡ ಚಿತ್ರ. ಟಾಕೀಸಿನಲ್ಲಿ ಬೀಡಿ ಹೊಗೆಯೂ ಒಂದು ಕ್ಷಣ ನಿಂತಿತ್ತಂತೆ. 1973ರಲ್ಲಿ ಪುಟ್ಟಣ್ಣನವರ 'ಎಡಕಲ್ಲು ಗುಡ್ಡದ ಮೇಲೆ'ಯಲ್ಲಿ ಅದೇ ಜಯಂತಿ ಮಾಧವಿಯಾದರು: ಗಂಡನಿಂದ ಸಿಗದ್ದನ್ನು ಬಯಸುವ ಹೆಂಡತಿ. ಆ ಬಯಕೆಗೆ ಮಾಧವಿ ಬೆಲೆ ತೆರಬೇಕಾಯಿತು, ಪ್ರೇಕ್ಷಕರಿಗೆ ಟಿಕೆಟ್ಟಿನದಷ್ಟೇ ಬೆಲೆ. ಮುಂದೆ ಜಯಂತಿಯವರಿಗೆ ನಾವು 'ಅಭಿನಯ ಶಾರದೆ' ಎಂಬ ಬಿರುದು ಕೊಟ್ಟೆವು. ನೋಡಿ ಮುಗಿದ ಮೇಲೆ ದೇವಿ ಮಾಡುವುದು ನಮ್ಮ ಕ್ರಮ.

ದೇವಿ ಮಾಡದೆ ಬಿಟ್ಟವರೂ ಇದ್ದಾರೆ. ಫ್ಲೆಕ್ಸ್ ಹುಡುಗ ಸಿಲ್ಕ್ ಸ್ಮಿತಾ ಹೆಸರು ಹೇಳಿದ. ಅವನು ಹುಟ್ಟುವ ಮೊದಲೇ, 1996ರಲ್ಲಿ ತೀರಿಕೊಂಡವರು. ಆದರೂ ಫೋಟೋ ಅವನ ಕಂಪ್ಯೂಟರಿನಲ್ಲಿತ್ತು. 1992ರ 'ಹಳ್ಳಿ ಮೇಷ್ಟ್ರು' ಚಿತ್ರದಲ್ಲಿ ರವಿಚಂದ್ರನ್ ಜೊತೆ ಇದ್ದರಲ್ಲ ಎಂದು ಗೌಡರು ನೆನಪಿಸಿದರು. ಆ ಸಿನಿಮಾ ಬಂದ ಮೇಲೆ ನಮ್ಮ ಕಡೆ ನುಗ್ಗೆಕಾಯಿ ಸಾರು ಮೊದಲಿನ ಹಾಗೆ ಬರೀ ಸಾರಾಗಿ ಉಳಿಯಲಿಲ್ಲ. ಸ್ಮಿತಾ ಬದುಕಿದ್ದಾಗ ಒಂದು ಹಾಡಿಗೆ ಕರೆದು, ಹಾಡು ಮುಗಿದ ಮೇಲೆ ಕಳಿಸಿದ ಚಿತ್ರರಂಗಗಳು ಆಮೇಲೆ ಆಕೆಯ ಕಥೆ ಎಂದುಕೊಂಡು ದುಡ್ಡು ಮಾಡಿದವು. 2011ರಲ್ಲಿ ಹಿಂದಿಯ 'ದ ಡರ್ಟಿ ಪಿಕ್ಚರ್' ವಿದ್ಯಾ ಬಾಲನ್‌ಗೆ ರಾಷ್ಟ್ರಪ್ರಶಸ್ತಿ ತಂದಿತು. ಕನ್ನಡ ಸುಮ್ಮನಿರುತ್ತದೆಯೇ? 2013ರಲ್ಲಿ ನಾವೂ ಒಂದು 'ಸಿಲ್ಕ್' ತೆಗೆದೆವು, ಪಾಕಿಸ್ತಾನದ ವೀಣಾ ಮಲಿಕ್ ಅವರನ್ನು ಹಾಕಿಕೊಂಡು. ಕಾವೇರಿ ನೀರಿಗೆ ಪಕ್ಕದ ರಾಜ್ಯದವರನ್ನು ಒಪ್ಪದ ನಾವು ಈ ವಿಷಯದಲ್ಲಿ ಅಂತಾರಾಷ್ಟ್ರೀಯರು.

ಇದೆಲ್ಲದರ ನಡುವೆ ಒಂದು ಲೆಕ್ಕ ಮಾತ್ರ ನನಗೆ ಖುಷಿ ಕೊಡುತ್ತದೆ. 1984ರಲ್ಲಿ ಕಾಶೀನಾಥರ 'ಅನುಭವ' ಬಂದಾಗ ಊರ ಹಿರಿಯರು ಮಕ್ಕಳನ್ನು ಮನೆಯಲ್ಲಿ ಬಿಟ್ಟು, ಮುಂಡಾಸನ್ನು ಮುಖಕ್ಕೆ ಇಳಿಸಿ ನೋಡಿದರು. ಅದರಲ್ಲಿ ಉಮಾಶ್ರೀ ಇದ್ದರು. ಆಮೇಲೆ ವರ್ಷಗಟ್ಟಲೆ ದ್ವಂದ್ವಾರ್ಥದ ಪಾತ್ರಗಳಲ್ಲಿ ಅವರನ್ನು ನೋಡಿ ನಕ್ಕು, ಹೊರಗೆ ಬಂದು ಥೂ ಅಂದೆವು. ಅವರು 'ಗುಲಾಬಿ ಟಾಕೀಸ್' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ತಂದರು. 2013ರಲ್ಲಿ ಸರ್ಕಾರ ಬದಲಾದಾಗ ಮಂತ್ರಿಯಾದರು. ಖಾತೆ ಯಾವುದು? ಕನ್ನಡ ಮತ್ತು ಸಂಸ್ಕೃತಿ. ಅದರ ಜೊತೆಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ. ಅದೇ, ಹಿಂದಿನ ಸರ್ಕಾರದಲ್ಲಿ ಮೊಬೈಲ್ ಅಧ್ಯಯನ ನಡೆದ ಖಾತೆ. ಸಂಸ್ಕೃತಿಯ ಯುವಕನ ಅನುದಾನದ ಅರ್ಜಿಯೂ ಆ ಟೇಬಲ್ಲಿಗೇ ಹೋಗಿರಬೇಕು.

ಹೊತ್ತು ಏರಿತು. ಈವರೆಗೆ ಗಂಡಸರು ಬಯಸಿದವರ ಪಟ್ಟಿ ಆಯಿತಲ್ಲ, ಹೆಂಗಸರು ಯಾರನ್ನು ನೋಡುತ್ತಾರೆ ಎಂದು ಮೇಷ್ಟ್ರು ಯಾಕೋ ಕೇಳಿಬಿಟ್ಟರು. ಮೇಜಿನ ಸುತ್ತ ಕಾಫಿ ಲೋಟಗಳೂ ಗಾಬರಿಯಾದವು. ಯಶ್ ಎಂದ ಹುಡುಗ. 'ಕೆಜಿಎಫ್' ಬಂದ 2018ರ ನಂತರ ಅವನೂ ಗಡ್ಡ ಬಿಟ್ಟಿದ್ದಾನೆ, ಫಲ ಕಾಣಬೇಕಿದೆ. ಮೇಷ್ಟ್ರು ತಲೆ ಆಡಿಸಿದರು. ಈ ಪ್ರಶ್ನೆಗೆ ಉತ್ತರ ತರೀಕೆರೆ ಪಕ್ಕದ ಅಮೃತಾಪುರಕ್ಕೆ ಎಂಟು ನೂರು ವರ್ಷದ ಹಿಂದೆಯೇ ಗೊತ್ತಿತ್ತು ಎಂದರು. ಅಲ್ಲಿಯ ಅಮೃತೇಶ್ವರ ದೇವಾಲಯ 1196ರದ್ದು, ವೀರಬಲ್ಲಾಳನ ಕಾಲ. ಅದರ ಶಾಸನದ ಪದ್ಯ ಬರೆದವನು ಜನ್ನ. ಕವಿಚಕ್ರವರ್ತಿ. ಕಾಮಶಾಸ್ತ್ರದ ಮೇಲೆ 'ಅನುಭವಮುಕುರ' ಎಂಬ ಗ್ರಂಥವನ್ನೂ ಬರೆದವನು. ಕಾಶೀನಾಥರಿಗಿಂತ ಸುಮಾರು ಏಳೂವರೆ ಶತಮಾನ ಮೊದಲು, ಯಾವ ಸೆನ್ಸಾರೂ ಇಲ್ಲದೆ.

ಆ ಜನ್ನನ 'ಯಶೋಧರ ಚರಿತೆ', 1209ರದ್ದು, ಹೇಳುವುದೇನು? ಅಮೃತಮತಿ ರಾಣಿ. ಪಕ್ಕದಲ್ಲಿ ಮಲಗಿರುವವನು ಚೆಲುವ ಗಂಡ, ರಾಜ. ರಾತ್ರಿ ಯಾರೋ ಹಾಡುವುದು ಕೇಳುತ್ತದೆ. ಆ ದನಿಗೆ ಮನಸ್ಸು ಜಾರುತ್ತದೆ. ಯಾರೆಂದು ನೋಡಿ ಬಾ ಎಂದು ಸಖಿಯನ್ನು ಕಳಿಸುತ್ತಾಳೆ. ಸಖಿ ಓಡಿ ಬಂದು ಅವನು ಮಾವುತ, ಅಷ್ಟಾವಂಕ, ನೋಡಲಾಗದಷ್ಟು ಕುರೂಪಿ ಎಂದು ಅಂಗಾಂಗ ವರ್ಣಿಸುತ್ತಾಳೆ. ರಾಣಿ ಕದಲುವುದಿಲ್ಲ. ತಡವಾಗಿ ಬಂದದ್ದಕ್ಕೆ ಅವನು ಹೊಡೆದರೂ ಅವಳು ಬಿಡುವುದಿಲ್ಲ. ಮುಂದಿನದು ವಿಷ, ಹಿಟ್ಟಿನ ಕೋಳಿಯ ಬಲಿ, ಜನ್ಮಾಂತರದ ಪಾಡು. ಜನ್ನ ಇದನ್ನು ಹೆಣ್ಣಿನ ಮೇಲೆ ದೂರು ಹೇಳಲು, ಹಿಂಸೆಯ ಪಾಪ ತಿಳಿಸಲು ಬರೆದ, ಸರಿ. ಬರೆಯುವ ಭರದಲ್ಲಿ ಗಂಡಸರ ಗುಟ್ಟೊಂದನ್ನು ಬಿಟ್ಟುಕೊಟ್ಟ: ಕಿರೀಟ, ಮೈಕಟ್ಟು, ಗಡ್ಡ ಯಾವುದೂ ಗ್ಯಾರಂಟಿ ಅಲ್ಲ. ಗೌಡರಿಗೆ ಇದು ಹಿಡಿಸಲಿಲ್ಲ. 'ಆಯಮ್ಮಂಗೆ ಗಾಳಿ ಹಿಡಿದಿತ್ತು ಕಣ್ರೀ' ಎಂದು ತೀರ್ಪು ಕೊಟ್ಟರು.

ಅಷ್ಟರಲ್ಲಿ ಕಳೆ ತೆಗೆಯುವವರಿಗೆ ಟೀ ಕಟ್ಟಿಸಿಕೊಂಡು ಹೋಗಲು ಬಂದ ಹೆಂಗಸೊಬ್ಬಳು ಗಲ್ಲಾದ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಈರುಳ್ಳಿ ಹೊಲದಲ್ಲಿ ದಿನವಿಡೀ ಇರುವವಳು ಅವಳು. ಸಮಿತಿಗೆ ಇದು ಹೊಳೆದಿರಲಿಲ್ಲ.

'ಗೌಡ್ರೇ, ಪಟ ಯಾಕೆ? ಒಂದ್ ಸ್ಪೀಕರ್ ಇಡ್ಸಿ. ಎಸ್ಪಿ ಬಾಲಸುಬ್ರಹ್ಮಣ್ಯಂ ಹಾಡ್ತಾ ಇರ್ಲಿ. ನಮ್ಗೂ ಬೇಜಾರು ಕಳೀತದೆ' ಎಂದಳು.

'ಹಾಡು ಕೇಳ್ತಾ ಕೂತ್ರೆ ಕಳೆ ಯಾರವ್ವಾ ತೆಗೀತಾರೆ?' ಎಂದರು ಗೌಡರು. ಸ್ಪೀಕರ್ ತಿರಸ್ಕೃತವಾಯಿತು. ಪಟವೇ ಖಾಯಂ. ಯಾರದ್ದೆಂಬುದನ್ನು ಉಪಸಮಿತಿಗೆ ಬಿಡಲಾಯಿತು.

ಅವಳು ಟೀ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಇನ್ನೊಂದು ಕೇಳಿದಳು. 'ಯಾರೋ ಒಬ್ಳು ಬರ್ತಾಳಲ್ಲ ಪಟದಾಗೆ, ಹಗಲೂ ರಾತ್ರಿ ಬಿಸಿಲಲ್ಲಿ ಮಳೇಲಿ ನಿಂತ್ಕೊಂಡು ಕಾಯೋಳು. ಅವಳಿಗೆ ಕೂಲಿ ಲೆಕ್ಕ ಹಾಕೋದಾದ್ರೆ ಗಂಡಾಳಿಂದು ಹಾಕ್ತೀರೋ, ಹೆಣ್ಣಾಳಿಂದೋ?'

ಬೆಳಗಿನಿಂದ ಒಂದು ವಿಷಯದಲ್ಲೂ ಒಮ್ಮತಕ್ಕೆ ಬಾರದ ಸಮಿತಿಯ ಐವರೂ ಒಂದೇ ಉಸಿರಿನಲ್ಲಿ, 'ಹೆಣ್ಣಾಳಿಂದೇ' ಎಂದರು.